ಲಾಳಿಯ ಮೇಲೆ ಹೊರಿಸಿದ ಕೆಮ್ಮು

ಅಂಗಡಿಗೆ ಬಂದವರು ಕೆಮ್ಮಿದರೆ ನಾನು ಬಿಚ್ಚಿದ ಸೀರೆಯನ್ನು ಮಡಚಿ ಪಕ್ಕಕ್ಕೆ ಇಡುತ್ತೇನೆ. ಎಷ್ಟು ದಿನದಿಂದ ಎಂದು ಕೇಳುತ್ತೇನೆ. ಎರಡು ವಾರ ದಾಟಿದೆ ಎಂದರೆ ವ್ಯಾಪಾರ ಅಲ್ಲಿಗೆ ನಿಂತಿತು. ಮೊದಲು ಕಫ ತೋರಿಸಿ ಬನ್ನಿ, ಸೀರೆ ಎಲ್ಲಿಗೂ ಓಡಿ ಹೋಗುವುದಿಲ್ಲ ಎನ್ನುತ್ತೇನೆ. ಕೆಲವರು ಸಿಟ್ಟಾಗಿ ಎದುರಿನ ಅಂಗಡಿಗೆ ಹೋಗುತ್ತಾರೆ. ಹೋಗಲಿ. ಬೇಡಿದವರಿಗೂ ಬೇಡದವರಿಗೂ ಸಲಹೆ ಕೊಡುವ ಚಟ ನನಗೆ ಮೊದಲಿನಿಂದಲೂ ಇದೆ, ಈ ಒಂದು ಸಲಹೆ ಮಾತ್ರ ಚಟದಿಂದ ಬಂದದ್ದಲ್ಲ. ಹೇಳಿ ಹೇಳಿ ನನಗೂ ದಣಿವಾಗಿದೆ. ಒಮ್ಮೆ ಬರೆದಿಟ್ಟರೆ ಬಾಯಿಗೆ ಸ್ವಲ್ಪ ವಿಶ್ರಾಂತಿ ಸಿಕ್ಕೀತೆಂದು ಕುಳಿತಿದ್ದೇನೆ.

ನಮ್ಮದು ಬನಹಟ್ಟಿಯ ನೇಕಾರರ ಓಣಿ. ತಂದೆ ತಾಯಿ ಬೇಗ ಹೋದರು. ನನ್ನನ್ನು ಸಾಕಿದ್ದು ಅಣ್ಣ ಮತ್ತು ಅವನ ಹೆಂಡತಿ. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಎನ್ನುತ್ತೇವೆ. ಅವರಿಗೆ ಮಕ್ಕಳಿರಲಿಲ್ಲ, ನನಗಿನ್ನೂ ಲಗ್ನವಾಗಿರಲಿಲ್ಲ. ಮೂವರೇ ಇದ್ದ ಮನೆ. ಮುಂದಿನ ಖೋಲಿಯಲ್ಲಿ ಎರಡು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಮಗ್ಗ. ಒಂದರಲ್ಲಿ ಅಣ್ಣ, ಇನ್ನೊಂದರಲ್ಲಿ ನಾನು. ನಮ್ಮಿಬ್ಬರ ನಡುವೆ ಗೋಡೆಗೆ ಬೆನ್ನು ಕೊಟ್ಟು ವೈನಿ ರಾಟಿ ತಿರುಗಿಸಿ ಕಂಡಿಕೆ ಎಂಬ ಸಣ್ಣ ಕೊಳವೆಗೆ ನೂಲು ಸುತ್ತುತ್ತಿದ್ದಳು. ಆ ಖೋಲಿಗೆ ಪಡುವಣ ಗೋಡೆಯಲ್ಲಿ ಒಂದೇ ಒಂದು ಕಿಟಕಿ. ಅದು ಯಾವಾಗಲೂ ಮುಚ್ಚಿರುತ್ತಿತ್ತು. ಬೇಸಿಗೆಯಲ್ಲಿ ಅದರ ಮೇಲೆ ಒದ್ದೆ ಗೋಣಿ ತಟ್ಟು ಬೇರೆ. ಒಣಗಾಳಿ ಒಳಗೆ ಬಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸಿನ ಎಳೆ ಗರಿಗರಿಯಾಗಿ ಪಟ್ ಪಟ್ ಎಂದು ಹರಿಯುತ್ತದೆ. ಹರಿದ ಎಳೆ ಹುಡುಕಿ ಗಂಟು ಹಾಕುವುದರಲ್ಲಿ ಅರ್ಧ ದಿನ ಹೋಗುತ್ತದೆ. ಆದ್ದರಿಂದ ಓಣಿಯ ಯಾವ ಮನೆಯಲ್ಲೂ ಮಗ್ಗದ ಖೋಲಿಯ ಕಿಟಕಿ ತೆರೆಯುತ್ತಿರಲಿಲ್ಲ. ನೂಲಿಗೆ ತಂಪು ಬೇಕು ಎಂದು ಹಿರಿಯರು ಹೇಳಿದ್ದರು. ಮನುಷ್ಯನಿಗೆ ಏನು ಬೇಕು ಎಂದು ಯಾರೂ ಹೇಳಿರಲಿಲ್ಲ.

ಇನ್ನೊಂದು ಪದ್ಧತಿ ಇತ್ತು. ಕಂಡಿಕೆಯನ್ನು ಹಾಸಿನ ನಡುವೆ ಅತ್ತಿತ್ತ ಓಡುವ ಲಾಳಿಯೊಳಗೆ ಕೂರಿಸಿದ ಮೇಲೆ ನೂಲಿನ ತುದಿಯನ್ನು ಲಾಳಿಯ ಪಕ್ಕದ ಸಣ್ಣ ತೂತಿನಿಂದ ಹೊರಗೆ ತರಬೇಕು. ಅದಕ್ಕೆ ಬಾಯಿ ಹಚ್ಚಿ ಒಂದು ಸಲ ಜೋರಾಗಿ ಉಸಿರು ಎಳೆದರೆ ನೂಲು ತುಟಿಗೆ ಬಂದು ಬಿಡುತ್ತದೆ. ದಿನಕ್ಕೆ ಎಷ್ಟೋ ಸಲ. ಬಣ್ಣ ತುಟಿಗೆ ಹತ್ತುತ್ತದೆ. ಅಣ್ಣನ ತುಟಿ ನೋಡಿದರೆ ಆ ವಾರ ಮಗ್ಗದ ಮೇಲೆ ಯಾವ ಸೀರೆ ಇದೆ ಎಂದು ಹೇಳಬಹುದಿತ್ತು. ಕಪ್ಪು ಚಂದ್ರಕಾಳಿ ಸೀರೆ ಹಾಕಿದ ವಾರ ಅವನ ತುಟಿ ನೇರಳೆಹಣ್ಣು ತಿಂದವರ ಹಾಗೆ ಕಾಣುತ್ತಿತ್ತು. ಅವನ ಲಾಳಿ ನಾನು, ನನ್ನ ಲಾಳಿ ಅವನು, ಕೈಗೆ ಸಿಕ್ಕದ್ದನ್ನು ತೆಗೆದುಕೊಳ್ಳುತ್ತಿದ್ದೆವು.

ನಾನು ಹೆಚ್ಚು ದಿನ ನೇಯಲಿಲ್ಲ. ಕೈಗಿಂತ ಬಾಯಿ ಚುರುಕು ಎಂದು ಅಣ್ಣನೇ ನನ್ನನ್ನು ಮಗ್ಗದಿಂದ ಎಬ್ಬಿಸಿ ಸಂತೆಗೆ ಕಳಿಸಿದ. ಮುಧೋಳ, ಬೀಳಗಿ, ಜಮಖಂಡಿ, ಲೋಕಾಪುರ ಎಂದು ಸೀರೆಯ ಗಂಟು ಹೊತ್ತು ತಿರುಗಿದೆ. ಲೋಕಾಪುರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸುವ ಅರ್ಧ ತಾಸಿನಲ್ಲೂ ಎರಡು ಸೀರೆ ಮಾರಿದವನು ನಾನು. ಅಲ್ಲಿ ಕಲಿತ ಪಾಠ ಒಂದೇ: ಯಾರೇ ಆಗಲಿ ಮೊದಲು ಹೇಳುವ ಮಾತಿನಲ್ಲಿ ಸ್ವಲ್ಪ ಹೆಚ್ಚಿಗೆ ಸೇರಿಸಿಯೇ ಹೇಳಿರುತ್ತಾರೆ. ಇಳಿಯುವವರೆಗೂ ಹಿಡಿದುಕೊಂಡರೆ ಇಳಿಯುತ್ತಾರೆ. ಬಟ್ಟೆಗೆ ಇದು ಸತ್ಯ. ಎಲ್ಲದಕ್ಕೂ ಸತ್ಯ ಎಂದು ತಿಳಿದುಕೊಂಡಿದ್ದೆ.

ಅಣ್ಣನಿಗೆ ಕೆಮ್ಮು ಶುರುವಾದಾಗ ಯಾರೂ ಗಾಬರಿಯಾಗಲಿಲ್ಲ. ನೇಕಾರನ ಮನೆಯಲ್ಲಿ ಕೆಮ್ಮು ಎಂದರೆ ಮಗ್ಗದ ಸಪ್ಪಳದಂತೆ, ಇದ್ದೇ ಇರುತ್ತದೆ. ನೂಲಿನ ಧೂಳು ಎಂದರು. ಅಜವಾನ ಹುರಿದು ಕೊಟ್ಟರು. ಆಡಿನ ಹಾಲು ಒಳ್ಳೆಯದು ಎಂದಾಗ ಹುನ್ನೂರಿನ ಕುರಿಗಾರನೊಬ್ಬನಿಂದ ತಂಬಿಗೆಯಲ್ಲಿ ತಂದೆ. ತೋಳಿಗೆ ತಾಯಿತವೂ ಬಂತು. ಸಂಜೆ ಮೈ ಬೆಚ್ಚಗಾಗುವುದು, ಬೆಳಗಿನ ಜಾವ ಬೆವರಿ ಅಂಗಿ ಒದ್ದೆಯಾಗುವುದು, ರೊಟ್ಟಿ ಅರ್ಧಕ್ಕೇ ಬಿಡುವುದು, ಎಲ್ಲವನ್ನೂ ವೈನಿ ನೋಡಿದ್ದಳು, ಹೇಳಿಯೂ ಇದ್ದಳು. ನಾವು ಕೇಳಿಸಿಕೊಳ್ಳಲಿಲ್ಲ.

ಒಂದು ದಿನ ಮಧ್ಯಾಹ್ನ ಮುಧೋಳದಿಂದ ಬಂದು ಗಂಟು ಇಳಿಸುತ್ತಿದ್ದೆ. ಅಣ್ಣ ಕೆಮ್ಮಿ ಧೋತರದ ಚುಂಗಿನಿಂದ ಬಾಯಿ ಒರೆಸಿಕೊಂಡ. ತುಟಿ ಕೆಂಪಾಗಿತ್ತು.

"ಕೆಂಪ ಸೀರಿ ಹಾಕಿಯೇನಣ್ಣಾ? ಬೀಳಗ್ಯಾಗ ಕೆಂಪು ಕೇಳಾಕತ್ತಾರ."

"ಹೂಂ," ಎಂದ.

ನಾನು ಮಗ್ಗದ ಕಡೆ ತಿರುಗಿದೆ. ಹಾಸಿದ್ದು ಗಿಳಿಹಸಿರು. ಲಾಳಿಯಲ್ಲಿದ್ದ ಕಂಡಿಕೆಯೂ ಹಸಿರು. ನಾನು ನೋಡಿದ್ದನ್ನು ಅವನು ನೋಡಿದ. ಲಾಳಿಯನ್ನು ತೊಡೆಯ ಕೆಳಗೆ ಸರಿಸಿಕೊಂಡ, ಕದ್ದ ಮಾಲು ಮುಚ್ಚಿಟ್ಟವನ ಹಾಗೆ.

"ಎಷ್ಟ ದಿನಾ ಆತು?" ಎಂದೆ.

"ಯುಗಾದಿ ಮುಂದ. ನಿಮ್ಮ ವೈನಿಗೆ ಹೇಳಬ್ಯಾಡ."

ಹಿಂದಿನ ಬಾಗಿಲಲ್ಲಿ ನಿಂತಿದ್ದ ವೈನಿ, "ವೈನಿಗೆ ಕಣ್ಣ ಅದಾವ," ಎಂದಳು. "ಧೋತರ ಒಗೆಯಾಕಿ ಯಾರು? ಏಳ್ರಿ, ಮೂರರ ಬಸ್ಸಿಗೆ ಜಮಖಂಡಿಗೆ ನಡೀರಿ."

ಜಮಖಂಡಿಯ ಡಾಕ್ಟರು ಕಫ ನೋಡಿಸಿದರು, ಎದೆಯ ಎಕ್ಸರೇ ತೆಗೆಸಿದರು. ಎರಡನೇ ಸಲ ಹೋದಾಗ ಕ್ಷಯ ಎಂದರು. ಮೊದಲು ಮೂರು ತಿಂಗಳು ದಿನಾ ಒಂದು ಸೂಜಿ ಮತ್ತು ಗುಳಿಗೆ, ಆಮೇಲೆ ಬರೀ ಗುಳಿಗೆ.

"ಒಟ್ಟ ಎಷ್ಟ ದಿನಾ ರೀ ಸಾಹೇಬ್ರ?" ಎಂದೆ.

"ಹದಿನೆಂಟ ತಿಂಗಳ."

"ಭಾಳ ಆತ್ರಿ. ಒಂದ ವರ್ಷಕ್ಕ ಮುಗಸ್ರಿ. ನಿಮ್ಮ ಮಾತೂ ಬ್ಯಾಡ, ನಮ್ಮ ಮಾತೂ ಬ್ಯಾಡ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಏನ ಮಾರ್ತೀ ನೀ?"

"ಸೀರಿ ರೀ."

"ಗಿರಾಕಿಗೆ ಅರ್ಧಾ ಸೀರಿ ಹರದ ಕೊಟ್ರ ಉಟ್ಕೋತಾಳೇನು?"

ಅಣ್ಣ ಅಷ್ಟು ಸುಸ್ತಿನಲ್ಲೂ ನಕ್ಕ. ನಕ್ಕರೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಡಾಕ್ಟರು ಅವನನ್ನು ಕೇಳಿದರು, "ಮಗ್ಗದ ಖೋಲ್ಯಾಗ ಕಿಡಕಿ ಎಷ್ಟದಾವ?"

"ಒಂದ ರೀ."

"ತಗದಿರ್ತೀರೇನು?"

"ತಗದ್ರ ಎಳಿ ಹರೀತಾವ್ರಿ."

"ಹರದ ಎಳಿಗೆ ಗಂಟ ಹಾಕಬಹುದು. ಹರದ ಪುಪ್ಪುಸಕ್ಕ ಗಂಟ ಹಾಕಾಕ ನನಗ ಬರಂಗಿಲ್ಲ. ನೀ ಕೆಮ್ಮಿದಾಗ ರೋಗದ ಹುಳ ಗಾಳ್ಯಾಗ ತೇಲತಾವ. ಕಿಡಕಿ ಮುಚ್ಚಿದ್ರ ಹೊರಗ ಹೋಗಾಕ ದಾರಿ ಇಲ್ಲ, ಅಲ್ಲೇ ಕುಂತವರ ಎದಿ ಸೇರತಾವ. ಕಿಡಕಿ ತಗೀರಿ. ಬಾಯಿಗೆ ಬಟ್ಟಿ ಹಿಡ್ದು ಕೆಮ್ಮು. ಮತ್ತ ಆ ಲಾಳಿಗೆ ಬಾಯಿ ಹಚ್ಚೂದು ಅದನ್ನೂ ಬಿಡ್ರಿ, ಅದೇನ ಛಲೋ ಪದ್ಧತಿ ಅಲ್ಲ."

ಬಸ್ಸಿನಲ್ಲಿ ಬರುವಾಗ ನಾನು ಈ ಮಾತನ್ನೆಲ್ಲ ತೂಗಿ ನೋಡಿದೆ. ಕಿಟಕಿ ತೆರೆಯುವುದು ತುಟ್ಟಿ. ವಾರಕ್ಕೆ ಬರುವ ಸೀರೆ ಹತ್ತು ದಿನಕ್ಕೆ ಬಂದರೆ ಸಂತೆಗೆ ಏನು ಒಯ್ಯಲಿ? ಲಾಳಿಗೆ ಬಾಯಿ ಹಚ್ಚುವುದನ್ನು ಬಿಡುವುದು ಅಗ್ಗ. ಒಬ್ಬರು ಬಾಯಿ ಹಚ್ಚಿದ ಲಾಳಿಗೆ ಇನ್ನೊಬ್ಬರು ಬಾಯಿ ಹಚ್ಚಿದರೆ ರೋಗ ಬರುತ್ತದೆ ಎಂಬುದು ಕಣ್ಣಿಗೆ ಕಾಣುವ ಮಾತು ಬೇರೆ. ಗಾಳಿಯಲ್ಲಿ ತೇಲುವ ಹುಳವನ್ನು ಯಾರು ಕಂಡಿದ್ದಾರೆ? ಹೀಗೆ ನಾನು ಡಾಕ್ಟರ ಸಲಹೆಯಲ್ಲಿ ಅಗ್ಗದ್ದನ್ನು ಎತ್ತಿಕೊಂಡು ತುಟ್ಟಿಯದನ್ನು ಅವರ ಮೇಜಿನ ಮೇಲೇ ಬಿಟ್ಟುಬಂದೆ. ಅವರು "ಅದನ್ನೂ" ಎಂದಿದ್ದರು. ನಾನು "ಅದನ್ನೇ" ಎಂದುಕೊಂಡೆ.

ಮರುದಿನವೇ ತೆಳು ತಂತಿ ಬಾಗಿಸಿ ಸಣ್ಣ ಕೊಕ್ಕೆ ಮಾಡಿದೆ. ತೂತಿನೊಳಗೆ ಹಾಕಿ ನೂಲು ಎಳೆದರೆ ಬಾಯಿ ಬೇಕಾಗಿಲ್ಲ. ಅಣ್ಣನ ಲಾಳಿಗೆ ಗುರುತು ಹಾಕಿದೆ. ಅವನ ತಾಟು, ತಂಬಿಗೆ ಬೇರೆ ಮಾಡಿದೆ. ಅವನು ಆ ತಾಟನ್ನು ನೋಡಿದ ರೀತಿಯನ್ನು ನಾನು ಈಗಲೂ ಮರೆತಿಲ್ಲ. ತಾಟಿನಿಂದ ಈ ರೋಗ ಬರುವುದಿಲ್ಲ ಎಂದು ಆಮೇಲೆ ತಿಳಿಯಿತು. ಬೇರೆ ತಾಟಿನಿಂದ ಅವನ ಮನಸ್ಸಿಗೆ ಆದದ್ದು ಮಾತ್ರ ಆಗಿಹೋಯಿತು. ಕೊಕ್ಕೆ ಹಿಡಿದು ಓಣಿಯ ಮನೆ ಮನೆಗೆ ಹೋಗಿ ಉಪದೇಶ ಮಾಡಿದೆ. ಮೂಲೆ ಮನೆಯ ಮುದುಕಿ ಮಾತ್ರ ಒಪ್ಪಲಿಲ್ಲ.

"ನಮ್ಮ ಮುತ್ತ್ಯಾ ಬಾಯ್ಲೇ ಎಳದ ಎಂಬತ್ತ ವರ್ಷ ಬದುಕ್ಯಾನ. ನಿನ್ನ ಕೊಕ್ಕಿ ನಿನ್ನ ನಾಲಿಗಿಗೆ ಹಾಕ್ಕೊ, ಓಣಿಗೆ ಶಾಂತಿ ಸಿಗ್ತೈತಿ."

ಉಳಿದವರು ಒಪ್ಪಿದರು. ಶ್ಯಾಣ್ಯಾ ಮನುಷ್ಯ ಎಂದರು. ಕಿಟಕಿಯ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ನಮ್ಮ ಕಿಟಕಿಯ ಗೋಣಿ ತಟ್ಟಿಗೆ ಎಂದಿನಂತೆ ನೀರು ಚಿಮುಕಿಸುತ್ತಿದ್ದೆವು.

ಮೂರು ತಿಂಗಳು ಅಣ್ಣ ದಿನಾ ರಬಕವಿಗೆ ನಡೆದು ಸೂಜಿ ಮಾಡಿಸಿಕೊಂಡು ಬಂದ. ಕಿವಿಯಲ್ಲಿ ಗುಂಯ್ ಎನ್ನುತ್ತದೆ ಎನ್ನುತ್ತಿದ್ದ. ಕುಂಡಿ ಬಾತು ಮಗ್ಗದ ಹಲಗೆಯ ಮೇಲೆ ಕೂಡಲಾಗುತ್ತಿರಲಿಲ್ಲ. ವೈನಿ ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಕಿದಳು. ತತ್ತಿ ತಿನ್ನಿಸಿ ಎಂದು ಡಾಕ್ಟರು ಹೇಳಿದ್ದರು. ನಮ್ಮದು ತತ್ತಿ ಮುಟ್ಟದ ಮನೆ. ನಾನು ಅಂಗಿಯ ಕಿಸೆಯಲ್ಲಿ ತಂದು ಹಿತ್ತಲಲ್ಲಿ ಕುದಿಸುತ್ತಿದ್ದೆ. ವೈನಿ ಆ ಕಡೆ ಮುಖ ಮಾಡಿ, "ಆಲೂಗಡ್ಡಿ ಕುದಿಸಾಕತ್ತಾನ ನಮ್ಮ ಮೈದುನ," ಎಂದು ಪಕ್ಕದ ಮನೆಯವರಿಗೆ ಕೇಳುವಂತೆ ಹೇಳುತ್ತಿದ್ದಳು.

ಐದನೇ ತಿಂಗಳಿಗೆ ಜ್ವರ ಹೋಯಿತು. ಕೆಮ್ಮು ನಿಂತಿತು. ಅಂಗಿಯ ಗುಂಡಿ ಬಿಗಿಯಾಯಿತು. ಏಳನೇ ತಿಂಗಳಿಗೆ ಅಣ್ಣ, "ಗುಳಿಗಿ ನುಂಗಿದ್ರ ಹೊಟ್ಟಿ ತೊಳಸ್ತೈತಿ. ಸಾಕಲ್ಲೇನೋ ತಮ್ಮಾ?" ಎಂದು ಕೇಳಿದ.

ನನ್ನನ್ನೇ ಕೇಳಿದ. ಮನೆಯಲ್ಲಿ ಹೊರಗಿನ ವ್ಯವಹಾರವೆಲ್ಲ ನನ್ನದಾಗಿತ್ತಲ್ಲ.

ವೈನಿ ನಡುವೆ ಬಂದಳು. "ಹದಿನೆಂಟ ಅಂದಾರ ಡಾಕ್ಟರು."

"ಹೇಳೋರು ಹೆಚ್ಚಿಗೇನ ಹೇಳ್ತಾರ ವೈನಿ," ಎಂದೆ. "ಇಪ್ಪತ್ತು ಅಂದ್ರ ಹತ್ತಕ್ಕ ಕೊಡ್ತಾರ. ಮೈ ಛಲೋ ಆಗೇತಿ, ಕಣ್ಣಿಗೆ ಕಾಣಾಕತ್ತೈತಿ. ಏಳು ಸಾಕು."

ಹೀಗೆ ಹದಿನೆಂಟನ್ನು ಏಳಕ್ಕೆ ಇಳಿಸಿದೆ. ನನ್ನ ಜೀವಮಾನದಲ್ಲಿ ಇಷ್ಟು ಇಳಿಸಿದ ವ್ಯಾಪಾರ ಇನ್ನೊಂದಿಲ್ಲ.

ಇದನ್ನು ಓದುವವರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ಮರೆತೀತು. ಮೈ ತುಂಬಿಕೊಂಡಿತು ಎಂದರೆ ರೋಗ ಹೋಯಿತು ಎಂದಲ್ಲ. ಮೊದಲು ಸಾಯುವುದು ಬಡಕಲು ಹುಳಗಳು. ಗಟ್ಟಿ ಹುಳಗಳು ಮೂಲೆ ಹಿಡಿದು ಕುಳಿತಿರುತ್ತವೆ. ನಡುವೆ ಔಷಧ ಬಿಟ್ಟರೆ ಅವೇ ಮರಿ ಹಾಕುತ್ತವೆ, ಆ ಮರಿಗಳು ಹಳೆಯ ಗುಳಿಗೆಗೆ ಹೆದರುವುದಿಲ್ಲ. ಈಗ ಆರೇಳು ತಿಂಗಳಲ್ಲಿ ಮುಗಿಯುವ ಗುಳಿಗೆಗಳು ಬಂದಿವೆ. ಅದನ್ನೂ ನಾಲ್ಕಕ್ಕೆ ಇಳಿಸಲು ನೋಡುವವರು ನನ್ನ ಅಂಗಡಿಗೇ ಬರುತ್ತಾರೆ.

ಚಳಿಗಾಲದಲ್ಲಿ ಅಣ್ಣ ಮತ್ತೆ ಕೆಮ್ಮಿದ. ನೆಗಡಿ ಎಂದ, ನಾವು ನಂಬಿದೆವು. ನಂಬುವುದು ಅನುಕೂಲವಾಗಿತ್ತು. ಬೇಸಿಗೆಗೆ ಕಿಟಕಿಯ ಮೇಲೆ ಒದ್ದೆ ತಟ್ಟು ಬಿತ್ತು. ಆಗ ರಾಟಿಯ ಕಡೆಯಿಂದ ಇನ್ನೊಂದು ಕೆಮ್ಮು ಕೇಳತೊಡಗಿತು.

ಮೊದಮೊದಲು ನನಗೆ ಸಿಟ್ಟು ಬಂತು. "ವೈನಿ, ಲಾಳಿಗೆ ಬಾಯಿ ಹಚ್ಚೀರೇನು? ಎಷ್ಟ ಸಲ ಹೇಳೇನಿ ನಾ?"

ಅವಳು ರಾಟಿ ನಿಲ್ಲಿಸಿದಳು. ಮಾತಾಡಲು ಉಸಿರು ಒಟ್ಟುಗೂಡಿಸಿಕೊಳ್ಳಬೇಕಾಯಿತು. "ನಾ ಈ ಮನಿಗೆ ಬಂದು ಎಷ್ಟ ವರ್ಷ ಆತು ತಮ್ಮಾ? ಕಂಡಕಿ ಸುತ್ತೂದ ಬಿಟ್ರ ಒಂದ ದಿನಾರ ಮಗ್ಗಕ್ಕ ಕುಂತೇನೇನು? ಲಾಳಿ ತುಂಬವರು ನೀವು. ನಾ ಆ ಲಾಳಿ ಬಾಯಿಗೆ ಇಟ್ಟಾಕಿನ ಅಲ್ಲ."

ನಿಜ. ಅವಳು ಒಮ್ಮೆಯೂ ಲಾಳಿಗೆ ಬಾಯಿ ಹಚ್ಚಿದವಳಲ್ಲ. ಅಣ್ಣನ ತಾಟಿನಲ್ಲಿ ಉಂಡವಳಲ್ಲ, ನಾನೇ ಬೇರೆ ಮಾಡಿದ್ದೆ. ಅವಳು ಅವನೊಡನೆ ಹಂಚಿಕೊಂಡದ್ದು ಆ ಖೋಲಿಯ ಗಾಳಿಯನ್ನು. ನಾನು ಸಂತೆಯ ಬಯಲಿನಲ್ಲಿ ತಿರುಗುವವನು, ನನಗೇನೂ ಆಗಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಮುಚ್ಚಿದ ಕಿಟಕಿಯ ಕೆಳಗೆ ಕುಳಿತವಳು ಅವಳು. ನನ್ನ ಕೈಯಲ್ಲಿ ಆ ತಂತಿಯ ಕೊಕ್ಕೆ ಇತ್ತು. ಅದನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ.

ಎದ್ದು ಹೋಗಿ ತಟ್ಟು ಕಿತ್ತೆ. ಕಿಟಕಿ ಬಣ್ಣ ಹತ್ತಿ ಕಚ್ಚಿಕೊಂಡಿತ್ತು, ಕಲ್ಲಿನಿಂದ ಗುದ್ದಿ ತೆರೆದೆ. ಬಿಸಿಗಾಳಿ ನುಗ್ಗಿತು. ಸ್ವಲ್ಪ ಹೊತ್ತಿಗೆ ಅಣ್ಣನ ಹಾಸಿನಲ್ಲಿ ಎಳೆ ಹರಿಯುವ ಸಪ್ಪಳ.

"ಲೇ, ಮುಚ್ಚಲೇ ಅದನ್ನ! ಹಾಸ ಹಾಳಾಕ್ಕೈತಿ!"

"ಆಗ್ಲಿ."

"ಬಂದಾ ನೋಡು ದೊಡ್ಡ ಡಾಕ್ಟರ! ನಿನ್ನೀತನಾ ಲಾಳಿ ಲಾಳಿ ಅಂದಿ, ಇವತ್ತ ಕಿಡಕಿ. ನಾಳೆ ಛಾವಣಿ ತಗೀತಿಯೇನು?"

"ನಿನ್ನೆ ನಾ ಹೇಳಿದ್ದು ತಪ್ಪಣ್ಣಾ. ಡಾಕ್ಟರ ಕಿಡಕಿ ಮೊದಲ ಹೇಳಿದ್ರು. ನಾ ಬಿಟ್ಟೆ."

ಅವನು ನನ್ನನ್ನು ನೋಡಿದ, ವೈನಿಯನ್ನು ನೋಡಿದ. ಬಗ್ಗಿ ಹರಿದ ಎಳೆ ಹುಡುಕತೊಡಗಿದ.

ಇಬ್ಬರನ್ನೂ ಜಮಖಂಡಿಗೆ ಕರೆದುಕೊಂಡು ಹೋದೆ. ಇಬ್ಬರ ಕಫದಲ್ಲೂ ಹುಳ ಇತ್ತು. ಡಾಕ್ಟರು ನನ್ನನ್ನು ಗುರುತು ಹಿಡಿದರು. ಎಷ್ಟು ತಿಂಗಳಿಗೆ ಬಿಟ್ಟಿರಿ ಎಂದು ಕೇಳಿದರು. ಏಳು ಎಂದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ, ಸುಮ್ಮನೆ ಬರೆದುಕೊಂಡರು. ಅಣ್ಣನಿಗೆ ಬೇರೆ ಬೇರೆ ಔಷಧ ಬದಲಿಸಿ ನೋಡಿದರು. ಹಳೆಯ ಗುಳಿಗೆ ಅವನಿಗೆ ನಾಟಲಿಲ್ಲ, ಹೊಸವು ಮೈಗೆ ಹಿಡಿಸಲಿಲ್ಲ. ಶ್ರಾವಣ ಮುಗಿಯುವ ಮೊದಲು ಹೋದ. ಕೊನೆಯ ವಾರ ಅವನ ತುಟಿಯಲ್ಲಿ ಯಾವ ಬಣ್ಣವೂ ಇರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗದು.

ಉಳಿದದ್ದು ವೈನಿ. ಅವಳನ್ನಾದರೂ ಉಳಿಸಿಕೊಳ್ಳಬೇಕಿತ್ತು. ಅವಳಿಗೆ ಮಾತ್ರ ಬದುಕುವ ಅವಸರವೇನೂ ಇರಲಿಲ್ಲ. ನಾನು ಸಂತೆಯ ಮೊದಲ ಬಸ್ಸು ಬಿಟ್ಟು ಎರಡನೆಯದಕ್ಕೆ ಹೋಗತೊಡಗಿದೆ. ದಿನಾ ಬೆಳಿಗ್ಗೆ ಒಂದು ಕೈಯಲ್ಲಿ ಗುಳಿಗೆ, ಇನ್ನೊಂದರಲ್ಲಿ ತಂಬಿಗೆ ಹಿಡಿದು ಅವಳ ಮುಂದೆ ನಿಲ್ಲುತ್ತಿದ್ದೆ. ಸೂಜಿಯ ದಿನಗಳು ಮುಗಿದ ಮೇಲೆ ಅವಳು ನನ್ನದೇ ವಿದ್ಯೆಯನ್ನು ನನ್ನ ಮೇಲೆ ತಿರುಗಿಸಿದಳು.

"ಇವತ್ತ ಒಂದ ದಿನಾ ಬಿಡ್ತೀನಿ. ನಾಳೆ ಎರಡು ನುಂಗ್ತೀನಿ."

"ಆಗಂಗಿಲ್ಲ ವೈನಿ."

"ಅರ್ಧಾ?"

"ಅರ್ಧಾ ಸೀರಿ ಯಾರೂ ಉಟ್ಕೊಳ್ಳಾಂಗಿಲ್ಲ."

"ಬೀಳಗಿ ಸಂತ್ಯಾಗ ಗೌಡ್ತಿಯರ ಮುಂದೂ ಹಿಂಗ ಬಿಗಿ ಹಿಡೀತಿಯೇನು ನೀ? ಅದಕ್ಕ ನಿನಗ ಹೆಣ್ಣ ಸಿಗವಲ್ದು."

ಬೈದು ನುಂಗುತ್ತಿದ್ದಳು. ಒಂದು ದಿನ ತುಳಸಿ ಕಟ್ಟೆಯ ಮಣ್ಣಿನಲ್ಲಿ ನೆನೆದು ಬಿಳಿಚಿದ ಮೂರು ಗುಳಿಗೆ ಸಿಕ್ಕವು. ಅಂದಿನಿಂದ, "ಬಾಯಿ ತಗೀರಿ, ನಾಲಿಗಿ ಎತ್ರಿ," ಎಂದು ನೋಡಿಯೇ ಬಿಡುತ್ತಿದ್ದೆ. ನನ್ನನ್ನು ಎತ್ತಿ ಆಡಿಸಿದವಳ ಬಾಯಿಯನ್ನು ಹೀಗೆ ಇಣುಕಿ ನೋಡುವುದು ಇಬ್ಬರಿಗೂ ನಾಚಿಕೆಯ ವಿಷಯವಾಗಿತ್ತು. ದಿನಾ ಮಾಡಿದರೆ ನಾಚಿಕೆಯೂ ಸವೆಯುತ್ತದೆ. ಮಳೆ ಬಂತು, ಚಳಿ ಬಂತು, ಮತ್ತೊಂದು ಬೇಸಿಗೆ ಬಂತು. ಕಿಟಕಿ ಮುಚ್ಚಲಿಲ್ಲ. ನಾನು ಸಂತೆಯಿಲ್ಲದ ದಿನ ಅಣ್ಣನ ಮಗ್ಗಕ್ಕೆ ಕೂಡುತ್ತಿದ್ದೆ. ನೇಯ್ದದ್ದಕ್ಕಿಂತ ಗಂಟು ಹಾಕಿದ್ದೇ ಹೆಚ್ಚು. ಓಣಿಯಲ್ಲಿ ಮನೆ ಮನೆಗೆ ಮತ್ತೆ ಹೋದೆ, ಈ ಸಲ ಕೊಕ್ಕೆ ಇಲ್ಲದೆ. ಕಿಟಕಿ ತೆಗೆಯಿರಿ ಎಂದೆ. ಕೊಕ್ಕೆಯನ್ನು ಒಪ್ಪಿದವರು ಕಿಟಕಿಯನ್ನು ಒಪ್ಪಲಿಲ್ಲ. ಮೂಲೆ ಮನೆಯ ಮುದುಕಿ ಮಾತ್ರ ತನ್ನ ಕಿಟಕಿ ತೆರೆದಳು.

ಹದಿನೆಂಟನೇ ತಿಂಗಳು ಮುಗಿದ ದಿನ ಡಾಕ್ಟರು ವೈನಿಯ ಎಕ್ಸರೇ ಬೆಳಕಿಗೆ ಹಿಡಿದರು. ಹಳೆಯ ಗಾಯದ ಕಲೆ ಇದೆ, ಹುಳ ಇಲ್ಲ ಎಂದರು. ಔಷಧ ಸಾಕು ಎಂದರು.

ನಾನು ಏಳಲಿಲ್ಲ. "ಇನ್ನೂ ಎರಡ ತಿಂಗಳ ಕೊಡ್ರಿ ಸಾಹೇಬ್ರ," ಎಂದೆ. "ಹೆಚ್ಚಿಗಿ ಇರ್ಲಿ."

"ಬ್ಯಾಡ."

"ಒಂದ ತಿಂಗಳರ ಕೊಡ್ರಿ."

ಡಾಕ್ಟರು ಎಕ್ಸರೇಯನ್ನು ಲಕೋಟೆಗೆ ಹಾಕಿ ನನ್ನ ಕೈಗೆ ಕೊಟ್ಟರು. "ಮ್ಯಾಲೂ ಇಲ್ಲ, ಕೆಳಗೂ ಇಲ್ಲಪ್ಪಾ. ಹದಿನೆಂಟ ಅಂದ್ರ ಹದಿನೆಂಟ. ಕರಕೊಂಡ ಹೋಗು."

ಮನೆಗೆ ಬಂದಾಗ ಮಧ್ಯಾಹ್ನದ ಗಾಳಿ ಬೀಸುತ್ತಿತ್ತು. ವೈನಿ ಕಾಲು ತೊಳೆದುಕೊಂಡು ನೇರವಾಗಿ ಮಗ್ಗದ ಖೋಲಿಗೆ ಹೋದಳು. ತೆರೆದ ಕಿಟಕಿಯ ಬಿಸಿಲು ಹಾಸಿನ ಮೇಲೆ ಬಿದ್ದಿತ್ತು. ನಾವು ಇಲ್ಲದ ಹೊತ್ತಿನಲ್ಲಿ ಆರೇಳು ಎಳೆ ಹರಿದು ಜೋತಾಡುತ್ತಿದ್ದವು.

"ಮುಚ್ಚಲೇನು?" ಎಂದು ಕೇಳಿದೆ. ಯಾಕೆ ಕೇಳಿದೆನೋ. ಹಳೆಯ ಬುದ್ಧಿ.

"ಸುಮ್ಮ ಕುಂಡ್ರು," ಎಂದಳು. ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡು ಮೊದಲನೇ ಎಳೆಯ ಎರಡು ತುದಿಗಳನ್ನು ಬೆರಳಲ್ಲಿ ಹೊಸೆದಳು.